ಕಿಟಕಿಯಲ್ಲಿಟ್ಟ ಮಣ್ಣು

ಬನಾತ್, ಸೆಪ್ಟೆಂಬರ್ 28

ಮಿಲೆನ್ಕೊಗೆ,

ಆಶೀರ್ವಾದವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ನನ್ನ ಹೊಲವನ್ನು ನೀನು ಗುತ್ತಿಗೆಗೆ ಹಿಡಿದಾಗ ನಾನು ಹಾಕಿದ್ದು ಒಂದೇ ಷರತ್ತು: ಗೋಧಿ ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಡಬಾರದು, ಮಣ್ಣಿಗೇ ಸೇರಿಸಿ ಉಳಬೇಕು. ಜುಲೈನಲ್ಲಿ ನಾನು ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ಬೂದಿ ಬಿತ್ತು. ಕೇಳಿದರೆ, "ರೈಲಿನ ಕಿಡಿ ಹಾರ್ತು ಅತ್ತೆ, ನಾನೇ ಓಡ್ಹೋಗಿ ಆರಿಸ್ದೆ" ಎಂದೆ. ಆ ಹಳಿಯ ಮೇಲೆ ರೈಲು ಓಡಿ ಹನ್ನೊಂದು ವರ್ಷವಾಯಿತು.

ಆಮೇಲೆ ನೀನು ಮಣ್ಣು ಪರೀಕ್ಷೆಯ ವರದಿ ತಂದೆ. "ನೋಡಿ ಅತ್ತೆ, ಸಾವಯವ ಅಂಶ ಹೆಚ್ಚೇ ಆಗಿದೆ. ನಿಮ್ಮ ಮಣ್ಣು ಬೆಣ್ಣೆ, ಬೆಣ್ಣೆ!" ಎಂದು, ಪರೀಕ್ಷೆಗೆ ಕೊಟ್ಟು ಮಿಕ್ಕ ಮಣ್ಣನ್ನೂ ನನ್ನ ಕೈಗಿಟ್ಟೆ. ಅದನ್ನು ನಾನು ಡಬ್ಬಿಗೆ ಹಾಕಿ, ಕಿಟಕಿಯಲ್ಲಿಟ್ಟು, ಒಂದು ಬೀಜವನ್ನೂ ಬಿತ್ತದೆ ದಿನಾ ನೀರು ಹಾಕಿದೆ. ಗೋಧಿ, ಮುಸುಕಿನ ಜೋಳ ಬಿಟ್ಟರೆ ಬೇರೇನನ್ನೂ ಕಾಣದ ಹೊಲದ ಮಣ್ಣಿನಲ್ಲಿ ಈಗ ಸಬ್ಬಸಿಗೆ ಸೊಪ್ಪು ಎದ್ದು ನಿಂತಿದೆ.

ಚಳಿ ಬೀಳುವ ಮುಂಚೆ ಹೊಲಕ್ಕೆ ಹತ್ತು ಟ್ರೇಲರ್ ಕೊಟ್ಟಿಗೆ ಗೊಬ್ಬರ ಹಾಕಿಸು. ಪರೀಕ್ಷೆಗೆ ಮಣ್ಣನ್ನು ಇನ್ನು ಮೇಲೆ ನಾನೇ ಅಗೆದು ಕಳಿಸುತ್ತೇನೆ.

ನಿನ್ನಮ್ಮನಿಗೆ ಹೇಳು, ಅವಳ ಹಿತ್ತಲಿನ ಮಣ್ಣು ನಿಜಕ್ಕೂ ಬೆಣ್ಣೆಯೇ. ಮೀನಿನ ಸಾರಿಗೆ ಸಬ್ಬಸಿಗೆ ಸಾಲದಿದ್ದರೆ ನನ್ನ ಕಿಟಕಿಗೆ ಬರಲಿ.

ಇನ್ನೂ ಹೊಲದ ಒಡತಿಯಾಗಿರುವ,
ದೆಸಾಂಕಾ