ಬಿದ್ದು ನಗಲು ಬಿಟ್ಟ ಜಾಗ

ಕುರ್ಚಿ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಇಂಗ್ಲಿಷಿನಲ್ಲಿ ನಾನು ಕಲಿಯುವುದು ಇನ್ನೇನೂ ಉಳಿದಿಲ್ಲ. ಬೇಕಿದ್ದರೆ ಇಂಗ್ಲಿಷಿನವರೇ ಬಂದು ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳಲಿ. ಅದಿರಲಿ, ನಿನ್ನ ಕೆಮ್ಮು ಹೋಯಿತೇ? ಹಾಸ್ಟೆಲಿನ ಊಟ ಹಿಡಿಸುತ್ತಿದೆಯೇ? ಇಲ್ಲಿ ನಿನ್ನಮ್ಮ, ಅಂದರೆ ನನ್ನಕ್ಕ, ಗುಂಡುಕಲ್ಲಿನ ಹಾಗಿದ್ದಾಳೆ. ನಿನ್ನಪ್ಪ ಮಾತ್ರ ನೀನು ಓದಲು ಹೋದಾಗಿನಿಂದ ನಕ್ಕೇ ಇರಲಿಲ್ಲ. ಬೀಗ ರಿಪೇರಿ ಮಾಡಿ ಮಾಡಿ ಬಾಯಿಗೂ ಒಂದು ಜಡಿದುಕೊಂಡಿದ್ದರು.

ಹೋದ ಪತ್ರದಲ್ಲಿ ನೀನು 'ರೋಲಿಂಗ್ ಇನ್ ದಿ ಐಲ್ಸ್' ಎಂಬ ಮಾತು ಕಲಿಸಿದೆಯಲ್ಲ, ಸಭಿಕರು ಕುರ್ಚಿಗಳ ನಡುವಿನ ದಾರಿಯಲ್ಲಿ ಹೊರಳಾಡುವಷ್ಟು ನಗಿಸುವುದು ಅಂತ, ಅದು ತಲೆಗೆ ಹತ್ತಿತು. ನಾವೂ ಬಿದ್ದು ಬಿದ್ದು ನಗುತ್ತೇವೆ, ಆದರೆ ಎಲ್ಲಿ ಬೀಳಬೇಕೆಂದು ಯಾರೂ ಹೇಳಿಲ್ಲ. ಇದನ್ನು ಹೇಳಿದವನು ಖಂಡಿತ ನನ್ನಂತೆ ಕುರ್ಚಿ ಬಾಡಿಗೆಗೆ ಕೊಡುವವನೇ! ನಮ್ಮ ಬೀದಿಯ ಅಂಗಡಿಯವರ ವಾರ್ಷಿಕ ಸಭೆಯಲ್ಲಿ ನಗೆಮಾತು ಹೇಳಿ ಭಾವನನ್ನೂ ನಗಿಸುತ್ತೇನೆಂದು ಪಂಥ ಕಟ್ಟಿದೆ. "ನೀನಾ? ನನ್ನನ್ನಾ? ಸಭೆ ಮುಗಿಯೋದ್ರೊಳಗೆ ನಗಿಸು, ನೋಡೋಣ," ಅಂದರು.

ಜನ ಹೊರಳಾಡಲು ಜಾಗ ಬೇಕಲ್ಲ? ಸಭೆಗೆ ಕುರ್ಚಿ ಹಾಕುವಾಗ ಒಂದೊಂದರ ಪಕ್ಕಕ್ಕೂ ಕೈಗಾಡಿ ಹೋಗುವಷ್ಟು ದಾರಿ ಬಿಟ್ಟೆ. ನನ್ನ ಮೊದಲ ಮಾತಿಗೆ ಕ್ಷೌರದಂಗಡಿಯವನು ನಕ್ಕ. ಆ ನಗು ಅಷ್ಟು ದೂರ ದಾಟಿ ಪಕ್ಕದವನನ್ನು ಮುಟ್ಟಲೇ ಇಲ್ಲ. ಎರಡನೆಯದಕ್ಕೂ ಅದೇ ಗತಿ. ಆಗ ನಿನ್ನಮ್ಮ ಎದ್ದು, "ಏನೋ ಇದು, ಪರೀಕ್ಷೆಗೆ ಕೂರಿಸಿದ ಹಾಗೆ! ಎಲ್ಲ ಹತ್ತಿರ ಎಳ್ಕೊಳ್ರೀ!" ಎಂದು ಗದರಿದಳು. ಕುರ್ಚಿಗಳು ಭುಜಕ್ಕೆ ಭುಜ ತಾಗುವ ಹಾಗೆ ಸರಿದವು. ಹೇಳಿದ್ದನ್ನೇ ಮತ್ತೆ ಹೇಳಿದೆ. ಕ್ಷೌರದವನ ನಗು ದರ್ಜಿಗೆ ತಗುಲಿತು, ದರ್ಜಿಯದು ಚಪ್ಪಲಿ ಅಂಗಡಿಯಾಕೆಗೆ, ನೋಡನೋಡುತ್ತ ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು. ಹೊರಳಾಡಲು ಅಂಗುಲ ಜಾಗವಿರಲಿಲ್ಲ! ನಿನ್ನಪ್ಪನೂ ನಕ್ಕರು. ನಾನು ಗೆದ್ದೆನೆಂದೇ ತಿಳಿದುಕೋ.

ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ ಜಗತ್ಪ್ರಸಿದ್ಧ
ಸೋದರಮಾವ

ಮರೆತಿದ್ದೆ: ಸಭೆಯಲ್ಲಿ ಭಾವ ತುಟಿ ಕಚ್ಚಿಕೊಂಡೇ ಕೂತಿದ್ದರು. ನಕ್ಕಿದ್ದು ಎಲ್ಲ ಮುಗಿದು ಬೀದಿಗೆ ಬಂದ ಮೇಲೆ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಗುಬ್ಬಿ ಇದನ್ನ ನೋಡ್ಬೇಕಿತ್ತು ಕಣೋ," ಅಂದರು. ಅಂದವರೇ ಪಂಥದ ದುಡ್ಡಿಗೆ ಕೈ ಚಾಚಿದರು! ಆ ದುಡ್ಡಿನಲ್ಲೇ ಗುರುವಾರ ರೈಲು ಹತ್ತಿ ನಿನ್ನನ್ನು ನೋಡಲು ಬರುತ್ತಿದ್ದಾರೆ. ಅಕ್ಕನಿಗೆ ನೂರು ಸೋತೆ ಅಂದಿದ್ದೇನೆ, ನೀನೂ ಹಾಗೇ ಹೇಳು. ಸೋತದ್ದು ಮೂರು ಸಾವಿರ.