ಗೇಟಿನ ಸಂತರ ಬಲಗೈ

ಜೂನ್ ೧೪, ಭಾನುವಾರ

ನನ್ನ ಗುಬ್ಬಿಗೆ,

ಅಪ್ಪ ಬದುಕಿದ್ದಾನೆ, ಹೆದರಬೇಡ. ಮಂಡಿನೋವು ಬಿಟ್ಟರೆ ಎಲ್ಲ ಸರಿಯಿದೆ. ನಿನ್ನ ನಾಲ್ಕು ಕಾಗದಗಳೂ ಬಂದವು. ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಕಾಗುಣಿತ ತಪ್ಪಿದ್ದರೆ ನಗಬೇಡ. ನಾಲ್ಕನೇ ಕ್ಲಾಸಿಗೇ ನನ್ನ ಕೈಗೆ ಉಳಿ ಕೊಟ್ಟರು.

ಚರ್ಚಿನ ಫಾದರ್ ಹಳೆಯ ಮರದ ಪ್ರತಿಮೆಯೊಂದನ್ನು ರಿಪೇರಿಗೆ ತಂದಿಟ್ಟರು. ಬಲಗೈಯನ್ನು ಮಣಿಕಟ್ಟಿನವರೆಗೆ ಗೆದ್ದಲು ತಿಂದಿತ್ತು. ಸೊಂಟದಲ್ಲಿ ಬೀಗದಕೈ ಗೊಂಚಲಿತ್ತು. ಯಾರೋ ಕಾವಲುಗಾರನಿರಬೇಕೆಂದು ಮುಷ್ಟಿ ಬಿಗಿದ ಕೈ ಕೆತ್ತಿ ಕೂರಿಸಿದೆ. ಒಂಬತ್ತು ದಿನದ ಕೆಲಸ. ಫಾದರ್ ನೋಡಿ ಬಿದ್ದು ಬಿದ್ದು ನಕ್ಕರು.

"ಏನ್ ಮೇಸ್ತ್ರಿ, ನಮ್ಮ ಸಂತರನ್ನ ಜಗಳಕ್ಕೆ ನಿಲ್ಲಿಸಿಬಿಟ್ಟಿದ್ದೀರಲ್ಲ!"

"ಮೊದಲೇ ಹೇಳೋಕೆ ಬಾಯಿಗೇನಾಗಿತ್ತು?" ಎಂದು ರೇಗಿದೆ. ಪಾಪ, ಅವರು ಮರದ ಹೊಟ್ಟಿನ ಮೇಲೆಯೇ ಕುಳಿತು ಕಥೆ ಹೇಳಿದರು.

ಓದು ತಲೆಗೆ ಹತ್ತಲಿಲ್ಲವೆಂದು ಮಠದವರು ಈ ಸಂತರನ್ನು ಗೇಟಿಗೆ ಹಾಕಿದರಂತೆ. ನಲವತ್ತು ವರ್ಷ ಅದೇ ಕೆಲಸ. ಗಂಟೆ ಬಾರಿಸಿದವರು ಭಿಕ್ಷುಕರಾಗಲಿ, ಕುಡುಕರಾಗಲಿ, ದೇವರೇ ಬಂದನೆಂದು ಇವರು ಊಟ ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದರಂತೆ. "ಅದು ಬಾಗಿಲು ತೆಗೆದ ಕೈ ಮೇಸ್ತ್ರಿ, ಅಂಗೈ ಬಿಚ್ಚಿರಬೇಕು" ಎಂದರು.

ನಾನು ಉಳಿ ಎತ್ತಿ ಆ ಮುಷ್ಟಿಯನ್ನು ಕಿತ್ತು ತೆಗೆದೆ. ನೀನು ಸಿಸ್ಟರ್ ಆಗಿ ಸೇರಿದ ಕಾನ್ವೆಂಟಿನಲ್ಲಿ ನಿನಗೆ ಗೇಟಿನ ಕೆಲಸ ಕೊಟ್ಟರೆಂದು ತಿಳಿದ ದಿನ "ಡಿಗ್ರಿ ಓದಿಸಿದ್ದು ಗೇಟ್ ಕಾಯೋಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವನು ನಾನೇ ತಾನೇ.

ನನ್ನ ಕೈಯನ್ನೇ ನೋಡಿಕೊಂಡು ಹೊಸದು ಕೆತ್ತೋಣವೆಂದರೆ, ಉಳಿ ಹಿಡಿದು ಹಿಡಿದು ಬೆರಳು ಪೂರ್ತಿ ಬಿಚ್ಚುವುದೇ ಇಲ್ಲ. ಕೊನೆಗೆ ನಿನ್ನ ಕೈ ನೆನೆಸಿಕೊಂಡು ಕೆತ್ತಿದೆ. ಕಿರುಬೆರಳು ಸ್ವಲ್ಪ ಡೊಂಕು, ನಿನ್ನದರಂತೆಯೇ. ಫಾದರ್‌ಗೆ ಗೊತ್ತಾಗಿಲ್ಲ, ಬಾಯಿ ಬಿಡಬೇಡ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಟೆ ಬಾರಿಸಿದವರು ಒಂದು ನಿಮಿಷ ಕಾದರೆ ಸಾಯುವುದಿಲ್ಲ.

ನಿನ್ನ ಅಪ್ಪ

ಒಂದು ಮಾತು ಮರೆತೆ. ಅಲ್ಲ, ಮರೆತಿಲ್ಲ. ಅಮ್ಮ ತೀರಿಕೊಂಡ ವಾರಕ್ಕೆ ನೀನು ಬಂದು ಬಾಗಿಲು ಬಡಿದೆ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹಿಂದಿರುಗಿದೆ, ಕಾಗದದಲ್ಲೂ ಹಾಗೇ ಬರೆದೆ. ನಾನಿದ್ದೆ ಮಗಳೇ. ಅವಳಿಗೆ ಉಸಿರಿರುವಾಗ ನೀನು ಬರಲಿಲ್ಲವೆಂಬ ಸಿಟ್ಟಿಗೆ, ಅಗುಳಿಯ ಮೇಲೆ ಕೈಯಿಟ್ಟುಕೊಂಡು ಒಳಗೇ ನಿಂತಿದ್ದೆ. "ಅಪ್ಪಾ" ಎಂದು ಕರೆದದ್ದೂ ಕೇಳಿಸಿತು. ನಿನ್ನೆ ಆ ಅಗುಳಿ ಬಿಚ್ಚಿ ಎಸೆದೆ. "ಕಳ್ಳರು ನುಗ್ತಾರೆ ಅಣ್ಣ" ಅಂತಾಳೆ ಪಕ್ಕದ ಮನೆಯವಳು. ನುಗ್ಗಲಿ. ನೀನು ಬಂದರೆ ಬಡಿಯಬೇಡ, ತಳ್ಳು.