‘ಏನೂ ತೊಂದರೆ ಇಲ್ಲ’ ಅಂತ ಬರೆದ ಫಾರಂ

ರೀ,

ಬೆಳಗಿನ ಪಾಳಿಗೆ ಹೊರಟೆ. ನಮ್ಮ ಮಗಳು ಗುಬ್ಬಿಯ ಶಾಲೆಯಲ್ಲಿ ಮೀಟಿಂಗ್ ಹತ್ತು ಗಂಟೆಗೆ, ಈ ಸಲ ನೀವೇ ಹೋಗಿ. ಟೈಲರ್ ಅಂಗಡಿ ಮಧ್ಯಾಹ್ನ ತೆಗೆದರೆ ಸಾಕು, ಯಾರ ಪ್ಯಾಂಟೂ ಓಡಿಹೋಗುವುದಿಲ್ಲ.

ಹೋದ ಸಲದ ಫಾರಂ ಫ್ರಿಜ್ ಮೇಲಿದೆ, ಒಮ್ಮೆ ಓದಿಕೊಳ್ಳಿ. ಮಗುವಿಗೆ ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಅಂತ ಕೇಳಿದ್ದಕ್ಕೆ ‘ಏನೂ ಇಲ್ಲ’ ಅಂತ ದುಂಡಗೆ ಬರೆದು ಸಹಿ ಹಾಕಿ ಬಂದಿರಿ. ಕ್ಲಾಸಿನಲ್ಲಿ ಅವಳ ಜೊತೆಗೊಬ್ಬ ಟೀಚರ್ ಬೇಕು ಅಂತ ನಾನು ಕೇಳಲು ಹೋದರೆ, ಅದನ್ನೇ ಹಿಡಿದುಕೊಂಡು ಹೆಡ್‌ಮೇಡಂ, “ಡಾಕ್ಟರ್ ಚೀಟಿನೂ ಇಲ್ಲ, ಮನೇಲಿ ತೊಂದರೇನೂ ಇಲ್ಲ. ಹಟ ಮಾಡೋ ಮಕ್ಕಳಿಗೆಲ್ಲ ಜೊತೆಗೊಬ್ಬ ಟೀಚರ್ ಕೊಡೋಕಾಗುತ್ತಾ?” ಅಂದರು. ನಾನು ಹೊಸ ಫಾರಂ ಒಂದನ್ನು ಕೇಳಿ ಪಡೆದು ಬಂದೆ. ಆ ಚೀಟಿ ಕೊಡುವ ಆಸ್ಪತ್ರೆಯಲ್ಲಿ ನಮ್ಮ ಸರದಿಗೆ ಇನ್ನೂ ಏಳು ತಿಂಗಳಿದೆ. ಅಲ್ಲಿಯವರೆಗೆ ಅವಳು ಕ್ಲಾಸಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೇ ಕೂತಿರಬೇಕೇ?

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ನಿನ್ನೆ ಸೂಜಿ ಹುಡುಕುತ್ತ ನಿಮ್ಮ ಹೊಲಿಗೆ ಮೆಷಿನ್ನಿನ ಡ್ರಾಯರ್ ತೆಗೆದೆ. ಅವಳ ಕುತ್ತಿಗೆಗೆ ಚುಚ್ಚಬಾರದೆಂದು ಒಂದೊಂದು ಅಂಗಿಯಿಂದಲೂ ನೀವು ಬಿಚ್ಚಿದ ಲೇಬಲ್‌ಗಳು ಒಂದು ಡಬ್ಬಿ ತುಂಬ ಇವೆ. ಹೊಲಿಗೆ ಒತ್ತಬಾರದೆಂದು ಅವಳಿಗೆ ಕಾಲುಚೀಲ ತಿರುವಿ ಹಾಕುವವರು ನೀವು. ಅವಳು ಮನೆಯಲ್ಲಿದ್ದಾಗ ನನಗೆ ಮಿಕ್ಸಿ ಮುಟ್ಟಲು ಬಿಡದವರೂ ನೀವೇ. ಅವಳಿಗೆ ತೊಂದರೆ ತಟ್ಟದ ಹಾಗೆ ನೋಡಿಕೊಂಡು ನೋಡಿಕೊಂಡು, ತೊಂದರೆಯೇ ಇಲ್ಲ ಅಂದುಕೊಂಡುಬಿಟ್ಟಿರಿ.

ಹೊಸ ಫಾರಂ ನಿಮ್ಮ ಚೀಲದಲ್ಲಿದೆ, ಡಬ್ಬಿಯೂ ಇದೆ. ಬರೆಯಲು ಕೈ ಬರದಿದ್ದರೆ ಬಿಡಿ. ಡಬ್ಬಿಯನ್ನು ಹೆಡ್‌ಮೇಡಂ ಮೇಜಿನ ಮೇಲೆ ಸುರಿಯಿರಿ.